ಸಾಹೇಬರ ಗೋಡೆಗೆ ಹಾಕಿದ ಥರ್ಮೋಸ್ಟಾಟ್

ಹುಳುಗಳು ಇರುವುದು ಒಂದು ಕೋಣೆಯಲ್ಲಿ, ಅವುಗಳ ಬಿಸಿ ತಂಪು ನೋಡಿಕೊಳ್ಳುವ ಥರ್ಮೋಸ್ಟಾಟ್ ಇನ್ನೊಂದು ಕೋಣೆಯಲ್ಲಿ. ಇಂಥ ಕೆಲಸವನ್ನು ನನ್ನ ಕೈಯಾರೆ ಮಾಡಿದ್ದೇನೆ. ಮಾಡು ಎಂದವರು ಬೇರೆಯವರು, ಸ್ಕ್ರೂ ತಿರುಗಿಸಿದ್ದು ನಾನು. ಈಗ ನೆನೆದರೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಹೊನ್ನಾಳಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಪಂಪ್‌ಸೆಟ್ ಮೋಟಾರು ಸುತ್ತುವುದು, ಫ್ರಿಜ್ಜು, ಐಸ್‌ಕ್ಯಾಂಡಿ ಮೆಷೀನು ರಿಪೇರಿ ಮಾಡುವುದು. ಒಂದು ದಿನ ನ್ಯಾಮತಿಯ ಹೊರಗಿದ್ದ ಸರ್ಕಾರಿ ಚಾಕಿ ಕೇಂದ್ರದ ಜವಾನ ಬಂದು, ಸಾಹೇಬರು ಕರೆಯುತ್ತಿದ್ದಾರೆ, ಯಾವುದೋ ಫಾರಿನ್ ಮೆಷೀನು ಬಂದಿದೆ, ಬಿಚ್ಚಲು ಯಾರಿಗೂ ಧೈರ್ಯವಿಲ್ಲ ಎಂದ. ನನಗೋ ಅಂಥದ್ದೆಂದರೆ ಹುಚ್ಚು. ಅವತ್ತೇ ಬಸ್ಸು ಹತ್ತಿದೆ.

ಚಾಕಿ ಕೇಂದ್ರವೆಂದರೆ ರೇಷ್ಮೆ ಮೊಟ್ಟೆ ಮರಿಯಾದಾಗಿನಿಂದ ಎರಡನೇ ಜ್ವರ ದಾಟುವ ತನಕ ಹುಳುಗಳನ್ನು ಸಾಕಿ ರೈತರಿಗೆ ಕೊಡುವ ಜಾಗ. ಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಆ ಎಂಟು ಹತ್ತು ದಿನ ಹುಳು ಇರುವೆಗಿಂತ ನಾಜೂಕು. ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿ ಬಿಸಿ ಬೇಕು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಈ ಯಂತ್ರ ಬರುವವರೆಗೆ, ಚಳಿಗಾಲ ಬಂದರೆ ಇದ್ದಿಲ ಒಲೆ, ಬೇಸಿಗೆ ಬಂದರೆ ಕಿಟಕಿಗೆ ಒದ್ದೆ ಗೋಣಿಚೀಲ. ಇದೆಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಒಬ್ಬ ಹೆಂಗಸು. ನಲವತ್ತರ ಹತ್ತಿರದ ವಯಸ್ಸು, ನ್ಯಾಮತಿಯ ಕೇರಿಯವರು, ದಿನಗೂಲಿ. ಎಲ್ಲರೂ ಅವರನ್ನು ಚಾಕಿ ಅಕ್ಕ ಎಂದೇ ಕರೆಯುತ್ತಿದ್ದರು. ತಟ್ಟೆಯ ಮೇಲೆ ಅಂಗೈ ಹಿಂಭಾಗ ಹಿಡಿದು ಬಿಸಿ ಎಷ್ಟಿದೆಯೆಂದು ಹೇಳುತ್ತಿದ್ದರು. ನಾನು ಪರೀಕ್ಷೆಗೆಂದು ಥರ್ಮಾಮೀಟರ್ ಹಿಡಿದು ನೋಡಿದೆ. ಒಂದು ಡಿಗ್ರಿ ಆಚೀಚೆ ಇರಲಿಲ್ಲ.

ಬಂದಿದ್ದ ಯಂತ್ರ ಹೀಟ್ ಪಂಪ್. ಫ್ರಿಜ್ಜಿನ ಕೆಲಸವನ್ನೇ ಮಾಡುತ್ತದೆ, ಆದರೆ ಬೇಕೆಂದಾಗ ದಿಕ್ಕು ಬದಲಿಸುತ್ತದೆ. ಒಳಗೆ ಚಳಿಯಾದರೆ ಹೊರಗಿನ ಗಾಳಿಯಿಂದ ಬಿಸಿ ಎಳೆದು ಒಳಗೆ ಬಿಡುತ್ತದೆ. ಸೆಖೆಯಾದರೆ ಒಳಗಿನ ಬಿಸಿ ಎಳೆದು ಹೊರಗೆ ಹಾಕುತ್ತದೆ. ಯಾವಾಗ ಯಾವುದು ಎಂದು ಹೇಳುವುದು ಅಂಗೈಯಗಲದ ಒಂದು ಪೆಟ್ಟಿಗೆ, ಅದೇ ಥರ್ಮೋಸ್ಟಾಟ್. ಗೋಡೆಗೆ ಹಾಕಿದರೆ ಸುತ್ತಲಿನ ಗಾಳಿಯನ್ನು ನೋಡಿ ಇಪ್ಪತ್ತಾರಕ್ಕಿಂತ ಇಳಿದರೆ ಬಿಸಿ, ಇಪ್ಪತ್ತೊಂಬತ್ತು ದಾಟಿದರೆ ತಂಪು ಎಂದು ಯಂತ್ರಕ್ಕೆ ಅಪ್ಪಣೆ ಕೊಡುತ್ತದೆ. ಅದನ್ನು ಕೈಯಲ್ಲಿ ಹಿಡಿದು ಹುಳುಮನೆಯ ಒಳಗೋಡೆ ನೋಡಿದೆ. ಎದೆಯೆತ್ತರ, ಕಿಟಕಿಯಿಂದ ದೂರ, ಊದುವ ಗಾಳಿ ನೇರ ಬಡಿಯದ ಜಾಗ. ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಕೇಂದ್ರದ ಅಧಿಕಾರಿ ಒಳಗೆ ಬಂದು ಆ ಗುರುತನ್ನು ಬೆರಳಿನಿಂದ ಒರೆಸಿಬಿಟ್ಟರು.

“ಇದು ನನ್ನ ಹೆಸರಿಗೆ ಬಂದಿರೋ ಸಾಮಾನು ಕಣಪ್ಪ. ಇಲ್ಲಿ ಹಾಕಿದ್ರೆ ಆಳುಗಳು ತಿರುವಿ ತಿರುವಿ ಹಾಳು ಮಾಡ್ತಾರೆ. ನನ್ನ ರೂಮಿನಾಗೆ ಹಾಕು, ಬೀಗ ಹಾಕ್ಕೊಂಡು ಹೋಗ್ತೀನಿ.”

ಅದಕ್ಕೆ ಗೊತ್ತಾಗುವುದು ಅದು ಇರುವ ಕೋಣೆಯ ಬಿಸಿ ಮಾತ್ರ ಸಾರ್ ಎಂದೆ. ತಂತಿ ಹುಳುಮನೆಗೇ ಹೋಗುತ್ತದಲ್ಲ, ಸಾಕು ಎಂದರು. ಇಪ್ಪತ್ತು ವರ್ಷ ಸರ್ವೀಸು ಮಾಡಿದ ಮನುಷ್ಯ, ತಂತಿಯೊಳಗೆ ಗಾಳಿ ಓಡಾಡುತ್ತದೆ ಎಂದುಕೊಂಡಿದ್ದರು. ಮತ್ತೊಮ್ಮೆ ಬಿಡಿಸಿ ಹೇಳಲು ಹೋದೆ. ನೀನು ತಂತಿ ಎಳೆಯುವವನು, ಎಳೆ ಎಂದರು. ಸಾಮಾನು ಚೀಲಕ್ಕೆ ತುಂಬಿಕೊಂಡು ಎದ್ದು ಬರಬೇಕಿತ್ತು. ಬರಲಿಲ್ಲ. ಇಂಥ ಯಂತ್ರ ಇನ್ನೊಮ್ಮೆ ಕೈಗೆ ಸಿಗುತ್ತದೆಯೋ ಇಲ್ಲವೋ ಎಂಬ ಆಸೆ. ಸರ್ಕಾರಿ ಕೆಲಸ ತಪ್ಪಿಸಿಕೊಂಡರೆ ಮುಂದೆ ಕರೆಯುವುದಿಲ್ಲವೆಂಬ ಹೆದರಿಕೆಯೂ ಇತ್ತು. ಸಾಹೇಬರ ರೂಮು ವರಾಂಡದ ಆಚೆ, ಮೇಲೆ ಸಿಮೆಂಟ್ ಶೀಟು, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಹುಳುಮನೆ ಹೊಂಗೆಮರದ ನೆರಳಿನಲ್ಲಿ, ಹೆಂಚಿನ ಮಾಡು. ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು.

ತಂತಿಯ ಕೆಲಸವೂ ಸುಸೂತ್ರ ಆಗಲಿಲ್ಲ. ಯಂತ್ರದಿಂದ ಥರ್ಮೋಸ್ಟಾಟಿಗೆ ಐದು ತಂತಿ ಬೇಕು: ಕರೆಂಟ್ ಬರುವುದೊಂದು, ವಾಪಸು ಹೋಗುವುದೊಂದು, ಕಂಪ್ರೆಸರಿಗೊಂದು, ಫ್ಯಾನಿಗೊಂದು, ದಿಕ್ಕು ತಿರುಗಿಸುವ ವಾಲ್ವಿಗೊಂದು. ಜೊತೆಗೆ ಬಂದಿದ್ದ ಐದು ಬಣ್ಣದ ಕೇಬಲ್ ಹುಳುಮನೆಯ ತನಕ ಸಾಕಾಗುತ್ತಿತ್ತು, ಸಾಹೇಬರ ರೂಮಿಗೆ ಸಾಲಲಿಲ್ಲ. ನ್ಯಾಮತಿಯ ಅಂಗಡಿಯಲ್ಲಿ ಸಣ್ಣ ತಂತಿ ಇದ್ದದ್ದು ಕೆಂಪು ಮಾತ್ರ. ಐದೂ ಕೆಂಪು ತಂತಿ ಎಳೆದೆ. ಗುರುತಿಗೆ ತುದಿಯಲ್ಲಿ ಗಂಟು ಹಾಕಿದೆ, ಒಂದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಐದರ ತನಕ. ನಾನು ಊಟಕ್ಕೆ ಹೋಗಿ ಬರುವುದರೊಳಗೆ ಪೈಪಿನ ಬಾಯಿಗೆ ಗಾರೆ ಮೆತ್ತಲು ಬಂದ ಗಾರೆಯವನು, ಸಾಹೇಬರ ಗೋಡೆ ಅಂದಗೆಡುತ್ತದೆಂದು ಗಂಟುಗಳನ್ನೆಲ್ಲ ಸಮನಾಗಿ ಕತ್ತರಿಸಿಟ್ಟಿದ್ದ. ಅವನಿಗೆ ಬೈದು ಏನು ಮಾಡುವುದು? ಚೆನ್ನಾಗಿಯೇ ಬೈದೆ, ಅದು ಬೇರೆ ಮಾತು.

ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ತಂತಿ ಹುಡುಕಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಬರುವ ತಂತಿ, ಹೋಗುವ ತಂತಿ ಒಂದಕ್ಕೊಂದು ತಗುಲಿ ಯಂತ್ರದೊಳಗಿನ ಇಪ್ಪತ್ತನಾಲ್ಕು ವೋಲ್ಟಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಸುಟ್ಟು ವಾಸನೆ ಬಂತು. ಅಂಥದ್ದು ಬೆಂಗಳೂರಿನಲ್ಲೂ ಸಿಗುವ ನೆಚ್ಚಿಕೆ ಇರಲಿಲ್ಲ. ಹೊನ್ನಾಳಿಗೆ ತಂದು, ಬಿಚ್ಚಿ, ಸುತ್ತುಗಳನ್ನು ಎಣಿಸಿ, ಅಷ್ಟೇ ದಪ್ಪದ ತಂತಿಯಲ್ಲಿ ಮತ್ತೆ ಸುತ್ತಿದೆ. ಎರಡು ದಿನ ಹಿಡಿಯಿತು. ಮೂರನೇ ದಿನ ಜೋಡಿಸಿ ಸ್ವಿಚ್ ಹಾಕಿದರೆ ಬಿಸಿ ಎಂದಾಗ ತಣ್ಣಗೆ ಊದಿತು. ವಾಲ್ವಿನ ತಂತಿ ಉಲ್ಟಾ. ಆಫ್ ಮಾಡಿ, ಕಂಪ್ರೆಸರಿನ ಒತ್ತಡ ಇಳಿಯಲೆಂದು ಮೂರು ನಿಮಿಷ ಬಿಟ್ಟು, ತಂತಿ ಬದಲಿಸಿ ಮತ್ತೆ ಹಾಕಿದೆ. ಬೆಚ್ಚಗಿನ ಗಾಳಿ ಬಂತು. ನಿಜ ಹೇಳುತ್ತೇನೆ, ಕುಣಿಯುವಷ್ಟು ಖುಷಿಯಾಯಿತು.

ಪೂಜೆ ನಡೆದದ್ದು ಜನವರಿಯ ಒಂದು ಬೆಳಿಗ್ಗೆ. ಬೆಳಿಗ್ಗೆ ಎರಡೂ ಕೋಣೆ ತಣ್ಣಗೇ ಇರುತ್ತವೆ. ಕಾಯಿ ಒಡೆದರು, ಸ್ವಿಚ್ ಹಾಕಿದರು, ಬೆಚ್ಚಗೆ ಊದಿತು, ಬಂದಿದ್ದ ರೈತರೆಲ್ಲ ಕೈ ಒಡ್ಡಿ ನೋಡಿ ಭೇಷ್ ಎಂದರು. ಸಾಹೇಬರು ನನ್ನ ಕಡೆ ತಿರುಗಿ, ಏನೋ ಹೇಳುತ್ತಿದ್ದೆಯಲ್ಲ ಎಂದು ಎಲ್ಲರೆದುರು ನಕ್ಕರು. ನಾನೂ ಹಲ್ಲು ಕಿರಿದೆ.

ವಾರ ಬಿಟ್ಟು ಫಿಲ್ಟರ್ ತೊಳೆಯಲು ಹೋದಾಗ ಚಾಕಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

“ಅಣ್ಣಾರೆ, ನಿಮ್ಮ ಮೆಷೀನು ಬೆಳಿಗ್ಗೆ ಹುಳ ಬೇಯಿಸ್ತೈತೆ, ಮಧ್ಯಾಹ್ನದ ಮ್ಯಾಲೆ ನಡುಗಿಸ್ತೈತೆ. ಹೆಂಗೆ ಸಾಕಾಕೆ ಆಗ್ತದೆ ಹಿಂಗಾದ್ರೆ?”

ಆಗಲೇಬೇಕಾದದ್ದೇ ಆಗಿತ್ತು. ಬೆಳಿಗ್ಗೆ ಯಂತ್ರ ಹುಳುಮನೆಯನ್ನು ಕಾಯಿಸುತ್ತಿತ್ತು; ಥರ್ಮೋಸ್ಟಾಟ್ ಮಾತ್ರ ಸಾಹೇಬರ ರೂಮು ಕಾಯಲಿ ಎಂದು ಕಾದು ಕುಳಿತಿತ್ತು. ಆ ರೂಮಿಗೆ ಯಂತ್ರದ ಗಾಳಿಯೇ ಹೋಗುವುದಿಲ್ಲ, ಸಾಕು ಎಂದು ಅದು ಹೇಳುವುದಾದರೂ ಹೇಗೆ? ಮಧ್ಯಾಹ್ನ ಆ ಸಿಮೆಂಟ್ ಶೀಟಿಗೆ ಬಿಸಿಲು ಬಡಿದು ರೂಮು ಕಾದಾಗ, ತಂಪು ಬೇಕು ಎಂದು ಅಪ್ಪಣೆ. ಪಾಪದ ಯಂತ್ರ ಮರದ ನೆರಳಿನಲ್ಲಿದ್ದ ಹುಳುಗಳ ಮೇಲೆ ತಣ್ಣನೆ ಗಾಳಿ ಬಿಡುತ್ತಿತ್ತು. ಸಂಜೆ ಪಂಪ್‌ಸೆಟ್ಟುಗಳು ಶುರುವಾಗಿ ವೋಲ್ಟೇಜ್ ಬಿದ್ದರೆ ಸ್ಟೆಬಿಲೈಸರು ಎಲ್ಲವನ್ನೂ ನಿಲ್ಲಿಸುತ್ತಿತ್ತು. ಆ ತಂಪು ಬೆಳಗಿನ ಜಾವದ ತನಕ ಹಾಗೇ ಉಳಿಯುತ್ತಿತ್ತು.

ಆದರೂ ಹುಳುಗಳು ಬದುಕಿದ್ದವು. ಹೇಗೆಂದು ಕೇಳಿದೆ. ಬೆಳಿಗ್ಗೆ ಕಿಟಕಿ ತೆರೆದು ಒದ್ದೆ ಚೀಲ ಕಟ್ಟುತ್ತೇನೆ, ಸಂಜೆ ಮನೆಗೆ ಹೋಗುವ ಮುಂಚೆ ಬಿಸಿನೀರು ಕಾಯಿಸಿ ನಾಲ್ಕು ಕೊಡ ತುಂಬಿ ತಟ್ಟೆಗಳ ಕೆಳಗೆ ಇಟ್ಟು, ಕಿಟಕಿ ಮುಚ್ಚಿ ಹೋಗುತ್ತೇನೆ ಎಂದರು. ಸರ್ಕಾರ ತಂದ ಯಂತ್ರ ಒಂದು ಕಡೆ ಹುಳುಗಳನ್ನು ಕೊಲ್ಲುವುದು, ಈ ಹೆಂಗಸು ಇನ್ನೊಂದು ಕಡೆ ಅವುಗಳನ್ನು ಉಳಿಸುವುದು. ನಾಚಿಕೆಯಾಯಿತು. ನೇರ ಸಾಹೇಬರ ಹತ್ತಿರ ಹೋಗಿ ಪೆಟ್ಟಿಗೆ ಹುಳುಮನೆಗೆ ಹಾಕೋಣ, ಅರ್ಧ ದಿನದ ಕೆಲಸ ಎಂದೆ. ಅವರು ಕೂತಲ್ಲಿಂದಲೇ ಕೈ ಚಾಚಿ ಅದರ ಮುಳ್ಳನ್ನು ಒಂದು ಡಿಗ್ರಿ ಮೇಲಕ್ಕೆ ತಿರುಗಿಸಿ, ಈಗ ಸರಿಹೋಯಿತು ನೋಡು ಎಂದರು. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಮುಂದಿನ ಸಲ ಹೋದದ್ದು ಹುಳು ಎರಡನೇ ಜ್ವರದಿಂದ ಎದ್ದು ರೈತರಿಗೆ ಹಂಚುವ ದಿನ. ಹಂಚಲು ಏನೂ ಇರಲಿಲ್ಲ. ಕೆಲವು ಹುಳು ಇನ್ನೂ ಜ್ವರಕ್ಕೆ ಕೂತಿದ್ದವು, ಕೆಲವು ಎದ್ದು ಸೊಪ್ಪು ಮುಟ್ಟದೆ ಕುಗ್ಗಿದ್ದವು, ಉಳಿದವು ತಟ್ಟೆಯಲ್ಲೇ ಕಪ್ಪಾಗಿ ಸತ್ತಿದ್ದವು. ಕೋಣೆಯೆಲ್ಲ ನಾತ. ದೂರದ ಕೆರೆಬಿಳಚಿಯಿಂದಲೂ ಬಂದ ಹತ್ತು ಹನ್ನೆರಡು ಮಂದಿ ರೈತರು ಬಾಗಿಲಲ್ಲಿ ನಿಂತಿದ್ದರು. ಮನೆಯಲ್ಲಿ ತಟ್ಟೆ ತೊಳೆದು, ಸೊಪ್ಪು ಬೆಳೆಸಿಟ್ಟು ಬಂದವರು. ಸಿಟ್ಟು ಬರದೆ ಇರುತ್ತದೆಯೇ? ಆದರೆ ಆ ಸಿಟ್ಟು ಹೋಗಿ ಬಿದ್ದದ್ದು ಯಾರ ಮೇಲೆ ನೋಡಿ.

ನಮ್ಮ ಕಡೆ ಮುಟ್ಟಾದ ಹೆಂಗಸು ಹುಳುಮನೆಗೆ ಕಾಲಿಟ್ಟರೆ ಹುಳು ಕೆಡುತ್ತದೆಂಬ ನಂಬಿಕೆ. ಕೇರಿಯ ಹೆಂಗಸು ಬೇರೆ. ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರ ಕಣ್ಣಿನಲ್ಲೂ ಅದು ಇತ್ತು. ರೈತರ ಪೈಕಿ ಹಿರಿಯರೊಬ್ಬರು, ಉಳಿದವರು ಯಜಮಾನರೇ ಎನ್ನುತ್ತಿದ್ದವರು, ಚಾಕಿ ಅಕ್ಕನನ್ನು ಅಂಗಳಕ್ಕೆ ಕರೆಸಿದರು. ಯಾವಾಗ ಮುಟ್ಟಾದೆ, ಆಗ ಒಳಗೆ ಹೋಗಿದ್ದೆಯಾ ಎಂದು ಅಷ್ಟೂ ಗಂಡಸರ ಎದುರು ಕೇಳಿದರು.

ಅಕ್ಕ ತಲೆ ತಗ್ಗಿಸಲಿಲ್ಲ. “ಸೋಮವಾರದಿಂದ ಮೂರು ದಿನ ನಾನು ಈ ಕಾಂಪೌಂಡಿಗೇ ಬಂದಿಲ್ರಿ. ಸಾಹೇಬ್ರೇ ರಜಾ ಕೊಟ್ಟಾರೆ, ಕೇಳ್ರಿ,” ಎಂದರು.

ಎಲ್ಲರೂ ಸಾಹೇಬರ ಮುಖ ನೋಡಿದರು. ಆ ಮನುಷ್ಯ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟೇ ಸಾಕಾಯಿತು. ಸುಳ್ಳಿ ಎಂದರು, ಇಂಥವರನ್ನು ಒಳಗೆ ಬಿಟ್ಟಿದ್ದೇ ತಪ್ಪೆಂದರು, ಇವತ್ತೇ ಕಳಿಸಿ ಎಂದರು. ವಿಚಾರಿಸುತ್ತೇನೆ, ನೀನು ನಾಳೆಯಿಂದ ಬರಬೇಡ ಎಂದರು ಸಾಹೇಬರು. ಹನ್ನೊಂದು ವರ್ಷದ ಕೆಲಸ ಒಂದು ಮಾತಿನಲ್ಲಿ ಹೋಯಿತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಹುಳು ಕೆಡಿಸಿದವಳೆಂಬ ಹೆಸರು ಹೊತ್ತರೆ ಸುತ್ತ ಯಾವ ಹಳ್ಳಿಯ ಹುಳುಮನೆಗೂ ಆ ಹೆಂಗಸನ್ನು ಯಾರೂ ಸೇರಿಸುತ್ತಿರಲಿಲ್ಲ.

ನಾನೆಲ್ಲಿದ್ದೆ? ಅಲ್ಲೇ ಇದ್ದೆ. ಹುಳುಮನೆಯ ಬಾಗಿಲೊಳಗೆ ಸ್ಟೂಲಿನ ಮೇಲೆ ನಿಂತು, ಕೈಯಲ್ಲಿ ಫಿಲ್ಟರ್ ಹಿಡಿದು, ಎಲ್ಲ ಕೇಳುತ್ತಿದ್ದೆ. ಜವಾನ ನನ್ನ ಪಕ್ಕದಲ್ಲೇ ಇದ್ದ. ಆ ಮೂರು ದಿನ ಸೊಪ್ಪು ಹಾಕಿದವನು ಅವನು. ಬಿಸಿನೀರಿನ ಕೊಡ ಇಟ್ಟಿದ್ದೆಯಾ ಎಂದು ಪಿಸುಗುಟ್ಟಿದೆ. ಯಾವ ಕೊಡ ಎಂದ. ಆಗ ಪೂರ್ತಿ ಅರ್ಥವಾಯಿತು. ಅಕ್ಕ ಒಳಗೆ ಇದ್ದಷ್ಟು ದಿನ ಹುಳು ಬದುಕಿದ್ದವು, ಬರದ ಮೂರು ದಿನದಲ್ಲಿ ಸತ್ತವು. ಅಂಗಳಕ್ಕೆ ಇಳಿದು ಇದನ್ನು ಹೇಳುವುದಕ್ಕೆ ನನಗೆ ನಾಲ್ಕು ಹೆಜ್ಜೆ ಸಾಕಿತ್ತು. ಹೇಳಿದರೆ, ಆ ಪೆಟ್ಟಿಗೆ ಅಲ್ಲಿ ಹಾಕಿದವನು ಯಾರು ಎಂದು ಕೇಳುತ್ತಿದ್ದರು. ಸ್ಟೂಲಿನಿಂದ ಇಳಿಯಲಿಲ್ಲ.

ಸಂಜೆ ಹೊನ್ನಾಳಿಗೆ ಮರಳಿದೆ. ಸಾಹೇಬರಿಗೆ ಮನಸ್ಸಿನಲ್ಲೇ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಬೆಳಿಗ್ಗೆ ಎದ್ದು ಎರಡು ಥರ್ಮಾಮೀಟರ್ ತೆಗೆದುಕೊಂಡು ಮೊದಲ ಬಸ್ಸಿಗೆ ನ್ಯಾಮತಿಗೆ ಹೋದೆ. ಅವತ್ತು ಮಧ್ಯಾಹ್ನ ಅದೇ ರೈತರ ಎದುರು ವರದಿ ಬರೆಯುವುದಿತ್ತು. ಸಾಹೇಬರು ಬರೆದೂ ಆಗಿತ್ತು: ಕೆಲಸದವಳು ಶುಚಿ ಪಾಲಿಸದ ಕಾರಣ ಹುಳು ಹಾನಿ. ರೈತರು ರುಜು ಹಾಕುವುದೊಂದು ಬಾಕಿ.

ಒಂದು ಥರ್ಮಾಮೀಟರನ್ನು ಸಾಹೇಬರ ರೂಮಿನಲ್ಲಿ ಪೆಟ್ಟಿಗೆಯ ಪಕ್ಕ ಮೊಳೆಗೆ ಸಿಕ್ಕಿಸಿದೆ. ಇನ್ನೊಂದನ್ನು ಹುಳುಮನೆಯ ಖಾಲಿ ತಟ್ಟೆಯಲ್ಲಿ ಇಟ್ಟೆ. ಮೂರು ಗಂಟೆಗೆ ಯಜಮಾನರ ಕೈ ಹಿಡಿದುಕೊಂಡೇ ಒಳಗೆ ಕರೆದುಕೊಂಡು ಹೋದೆ, ಉಳಿದವರು ಹಿಂದೆ ಬಂದರು. ಸಾಹೇಬರ ರೂಮಿನಲ್ಲಿ ಮೂವತ್ತೊಂದು. ಹುಳುಮನೆಯಲ್ಲಿ ಇಪ್ಪತ್ತೊಂದು, ಮೇಲಿಂದ ಇನ್ನೂ ತಣ್ಣಗೆ ಊದುತ್ತಿತ್ತು. ಯಜಮಾನರು ಶಲ್ಯ ಹೊದ್ದುಕೊಂಡರು. ಇದನ್ನು ನಡೆಸುವ ಕೀಲಿ ಎಲ್ಲಿದೆ ಎಂದರು. ಸಾಹೇಬರ ಕುರ್ಚಿಯ ಹಿಂದೆ ಬೀಗದೊಳಗೆ ಇದೆ, ಅಕ್ಕ ಬಿಸಿನೀರಿನ ಕೊಡ ಇಟ್ಟು ಹುಳು ಉಳಿಸುತ್ತಿದ್ದರು, ನೀವು ಮೈಲಿಗೆ ಎಂದು ದೂರ ಇಟ್ಟ ಮೂರು ದಿನ ಉಳಿಸುವವರು ಇರಲಿಲ್ಲ ಎಂದೆ. 

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಸಾಹೇಬರ ಕುರ್ಚಿ ಪಕ್ಕಕ್ಕೆ ಸರಿಸಿದೆ.

“ಅದನ್ನ ಮುಟ್ಟಿದ್ರೆ ಪೊಲೀಸಿಗೆ ಬರೀತೀನಿ,” ಎಂದರು.

“ಬರೀರಿ ಸಾರ್. ಅದರಾಗೆ ಎರಡೂ ರೂಮಿನ ಡಿಗ್ರಿನೂ ಬರೀರಿ,” ಎಂದೆ.

ಮೈನ್ ಆಫ್ ಮಾಡಿ, ಐದು ತಂತಿಗೂ ಚೀಟಿ ಕಟ್ಟಿ ಬಿಚ್ಚಿದೆ. ಹುಳುಮನೆಯ ಗೋಡೆಯ ಹತ್ತಿರ ಕೆಂಪು ತಂತಿಯನ್ನೆಲ್ಲ ಕತ್ತರಿಸಿ ಎಸೆದು, ಮೂಲದ ಬಣ್ಣದ ಕೇಬಲನ್ನೇ ಜೋಡಿಸಿದೆ. ಇಲ್ಲಿಗೆ ಅದು ಸಾಕಾಗುತ್ತಿತ್ತು. ಎದೆಯೆತ್ತರಕ್ಕೆ ಮೊದಲು ಗುರುತು ಮಾಡಿದ್ದ ಜಾಗದಲ್ಲೇ ಎರಡು ಸ್ಕ್ರೂ ಹಾಕಿ ಪೆಟ್ಟಿಗೆ ಕೂರಿಸಿ, ಮುಳ್ಳನ್ನು ಮೊದಲಿನ ಜಾಗಕ್ಕೇ ತಿರುಗಿಸಿದೆ. ಸ್ವಿಚ್ ಹಾಕಿದೆ. ಬೆಚ್ಚಗೆ ಊದಲು ಶುರುವಾಯಿತು. ಐದು ಗಂಟೆಯ ಹೊತ್ತಿಗೆ ಇಪ್ಪತ್ತೇಳು ದಾಟಿ ತಾನಾಗಿಯೇ ನಿಂತಿತು. ಆಮೇಲೆ ಬಿಳಿ ಹಾಳೆ ಕೇಳಿ ಇಸಿದುಕೊಂಡು ಬರೆದೆ: ಥರ್ಮೋಸ್ಟಾಟ್ ಬೇರೆ ಕೋಣೆಯಲ್ಲಿ ಇದ್ದರೆ ಹುಳುವಿಗೆ ಹಾನಿಯೆಂದು ತಿಳಿದಿದ್ದೂ ಅಧಿಕಾರಿಯ ಮಾತಿನಂತೆ ನಾನು ಅಲ್ಲಿ ಹಾಕಿದ್ದೇನೆ, ಕೆಲಸದ ಹೆಂಗಸಿನದು ಏನೂ ತಪ್ಪಿಲ್ಲ. ರುಜು ಹಾಕಿದೆ. ಯಜಮಾನರು ಗಟ್ಟಿಯಾಗಿ ಓದಿಸಿ, ಸಾಹೇಬರ ವರದಿಗೆ ರುಜು ಹಾಕುವುದಿಲ್ಲ, ಇದನ್ನೇ ಮೇಲಕ್ಕೆ ಕಳಿಸಿ ಎಂದರು. ಆಯಮ್ಮನನ್ನು ಕರೆಸಿ ಎಂದೂ ಹೇಳಿದರು. ಕರೆಯಲು ಮಾತ್ರ ಯಾರೂ ಏಳಲಿಲ್ಲ. ನಿನ್ನೆ ಕೂಗಲು ಹತ್ತು ಬಾಯಿ ಇದ್ದವು.

ಹೊತ್ತು ಮುಳುಗುವ ಮುಂಚೆ ನಾನೇ ಕೇರಿಗೆ ಹೋದೆ. ಸಣ್ಣ ಮನೆ, ಬಾಗಿಲ ಮೇಲೆ ಬುದ್ಧನ ಪಟ. ಅಕ್ಕ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನೀರು ಕೊಟ್ಟರು, ಕುಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಮೂವತ್ತೊಂದು, ಇಪ್ಪತ್ತೊಂದು, ಪೊಲೀಸಿನ ಮಾತು, ನನ್ನ ರುಜು, ಒಂದೂ ಬಿಡಲಿಲ್ಲ. ಎದೆಯುಬ್ಬಿಸಿಕೊಂಡೇ ಹೇಳಿರಬೇಕು. ಅಕ್ಕ ಮೊರದಿಂದ ಕೈ ತೆಗೆಯದೆ ಕೇಳಿದರು.

“ಆ ಗೋಡೆ ತಪ್ಪು ಅಂತ ನಿಮಗೆ ಯಾವಾಗ ಗೊತ್ತಾತು?”

“ಹಾಕೋ ದಿನಾನೇ,” ಎಂದೆ.

“ನಿನ್ನೆ ನೀವು ಅಲ್ಲೇ ಸ್ಟೂಲ್ ಮ್ಯಾಲೆ ನಿಂತಿದ್ರಿ. ನಾನು ನೋಡ್ದೆ. ನಮ್ಮನೆಯಾಗೆ ಮುಟ್ಟು ಮೈಲಿಗೆ ಅಂತ ನಾವು ಇಟ್ಕೊಂಡಿಲ್ಲ. ಅವರ ಮಾತಿಗೆ ಅಂತ ಕೂಲಿ ಬಿಟ್ಟು ಮನೆಯಾಗೆ ಕುಂತಿದ್ದೆ. ಅಷ್ಟು ಗಂಡಸರ ಎದುರಿಗೆ ಆ ದಿನಗಳನ್ನ ಬಾಯಿಬಿಟ್ಟು ಹೇಳಿದ್ನಲ್ಲ, ಆಗ ನೀವು ಒಂದು ಮಾತು ಅಂದಿದ್ರೆ ಆಗ್ತಿತ್ತು. ಇವತ್ತು ಡಿಗ್ರಿ ತಂದ್ರಿ.”

  ಅಕ್ಕ ಮೊರ ಕೊಡವಿ ಎದ್ದರು.

“ನಾಳೆ ಬರ್ತೀನಿ ಅಂತ ಹೇಳ್ರಿ. ಹುಳ ಏನು ತಪ್ಪು ಮಾಡ್ಯಾವೆ, ಪಾಪ. ಆದ್ರೆ ಅಣ್ಣಾರೆ, ಇನ್ನು ಆ ಮೆಷೀನು ನೋಡಾಕೆ ನೀವು ಬರಬ್ಯಾಡ್ರಿ. ಬ್ಯಾರೆಯವರನ್ನ ಕಳಿಸ್ರಿ.”

ಮರುವಾರ ಶಿವಮೊಗ್ಗದ ಮೆಕ್ಯಾನಿಕ್ ಒಬ್ಬನಿಗೆ ಐದು ತಂತಿಯ ಚಿತ್ರ ಬರೆದುಕೊಟ್ಟು, ಒಪ್ಪಿಸಿ ಕಳಿಸಿದೆ. ಆ ಹುಳುಮನೆಯ ಹೊಸ್ತಿಲನ್ನು ನಾನು ಮತ್ತೆ ತುಳಿಯಲಿಲ್ಲ.